ದಿಲ್ಲಿಗೆ ಬೆನ್ನು, ಸಮುದ್ರಕ್ಕೆ ಮುಖ: ಬಹಮನಿ ದರ್ಬಾರು ದಿಕ್ಕು ಬದಲಿಸಿದ್ದು ಯಾಕೆ?

ಕಲಬುರಗಿಯ ಹಫ್ತ್ ಗುಂಬಜ್ ನೋಡಿಕೊಂಡು ಬೀದರ್‌ಗೆ ಹೋದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಎರಡೂ ದಖ್ಖನನ್ನು ಆಳಿದ ಬಹಮನಿ ಸುಲ್ತಾನರ ಒಂದೇ ಮನೆತನದ ರಾಜಧಾನಿಗಳು. ನಡುವಿನ ದಾರಿ ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಆದರೆ ಕಟ್ಟಡಗಳನ್ನು ನೋಡಿದರೆ ಬೇರೆ ಬೇರೆ ದೇಶದವು ಅನಿಸುತ್ತವೆ. ಹಫ್ತ್ ಗುಂಬಜ್‌ನ ಹಳೆಯ ಗೋರಿಗಳಿಗೆ ದಪ್ಪ ಗೋಡೆ, ಒಳಕ್ಕೆ ವಾಲಿದ ಮೈ, ತಗ್ಗಾದ ಗುಮ್ಮಟ. ಇದು ದಿಲ್ಲಿಯ ತುಘಲಕರ ಕಟ್ಟಡ ಶೈಲಿಯ ಪಡಿಯಚ್ಚು. ಬೀದರ್‌ನಲ್ಲಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂದೆ ನಿಂತರೆ ನೀಲಿ, ಹಳದಿ, ಬಿಳಿ ಹೆಂಚಿನ ಬಿಲ್ಲೆಗಳು, ಎತ್ತರದ ಮಿನಾರು, ನಾಲ್ಕು ದಿಕ್ಕಿಗೂ ದೊಡ್ಡ ಕಮಾನಿನ ಮೊಗಸಾಲೆ. ಇರಾನಿನ ಖುರಾಸಾನದಲ್ಲಿ ಇದ್ದರೂ ಯಾರೂ ಬೆರಗಾಗುತ್ತಿರಲಿಲ್ಲ.

ನಡುವೆ ನೂರು ವರ್ಷವೂ ಪೂರ್ತಿ ಆಗಿಲ್ಲ. ಅಷ್ಟರಲ್ಲಿ ಏನಾಯಿತು?

ಸುಲಭದ ಉತ್ತರ ಒಂದಿದೆ. ಸುಲ್ತಾನರಿಗೆ ಪರ್ಶಿಯನ್ ಸಂಸ್ಕೃತಿಯ ಹುಚ್ಚು ಹಿಡಿಯಿತು, ಅಷ್ಟೇ. ಪ್ರವಾಸಿಗರಿಗೆ ಹೇಳುವುದೂ ಇದನ್ನೇ. ನನಗೆ ಈ ಉತ್ತರ ಸಾಲದು. ಹುಚ್ಚಿನಿಂದ ಒಂದು ಅರಮನೆ ಕಟ್ಟಬಹುದು, ಒಬ್ಬ ಕವಿಯನ್ನು ಕರೆಸಬಹುದು. ಇಡೀ ರಾಜ್ಯದ ಸೈನ್ಯ, ವ್ಯಾಪಾರ, ಮಂತ್ರಿ ಪದವಿ, ಗುರುಪೀಠ ಎಲ್ಲವೂ ಒಂದೇ ದಿಕ್ಕಿಗೆ ವಾಲಬೇಕಾದರೆ ಕೆಳಗೆ ಗಟ್ಟಿ ಲೆಕ್ಕಾಚಾರ ಇರಲೇಬೇಕು. ಈಗಿನ ಮಾತಿನಲ್ಲಿ ಹೇಳುವುದಾದರೆ ಇದು ವಿದೇಶಾಂಗ ನೀತಿಯ ತಿರುವು. ತಿರುಗಿಸಿದ್ದು ಎರಡು ಕೊರತೆಗಳು: ಕುದುರೆ ಮತ್ತು ಮನುಷ್ಯರು.

ಮೊದಲು ನಕ್ಷೆ ನೋಡೋಣ. 1347ರಲ್ಲಿ ದೌಲತಾಬಾದಿನಲ್ಲಿ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆ ಎದ್ದ ಸರದಾರರು ಹಸನ್ ಎಂಬವನನ್ನು ಸುಲ್ತಾನ ಮಾಡಿದರು. ಅವನೇ ಅಲಾವುದ್ದೀನ್ ಹಸನ್ ಬಹಮನ್ ಷಾ. ರಾಜಧಾನಿ ಕಲಬುರಗಿಗೆ ಬಂತು. ಉತ್ತರಕ್ಕೆ ದಿಲ್ಲಿ, ಅಂದರೆ ತಾವೇ ಬಿಟ್ಟು ಬಂದ ಮನೆ, ಈಗ ಶತ್ರು. ದಕ್ಷಿಣಕ್ಕೆ ಹತ್ತು ವರ್ಷ ಮೊದಲಷ್ಟೇ ಹುಟ್ಟಿದ ವಿಜಯನಗರ. ಇಬ್ಬರ ಕಣ್ಣೂ ರಾಯಚೂರು ದೋಆಬದ ಮೇಲೆ, ಅಂದರೆ ಕೃಷ್ಣಾ ತುಂಗಭದ್ರೆಯರ ನಡುವಿನ ನೆಲದ ಮೇಲೆ. ಪೂರ್ವಕ್ಕೆ ತೆಲಂಗಾಣದ ನಾಯಕರು. ಪಶ್ಚಿಮಕ್ಕೆ ಘಟ್ಟ, ಘಟ್ಟ ಇಳಿದರೆ ಕೊಂಕಣ, ಆಮೇಲೆ ಸಮುದ್ರ.

ದಿಲ್ಲಿಯಿಂದ ಬೇರೆಯಾದದ್ದಕ್ಕೆ ಒಂದು ಬೆಲೆ ತೆರಬೇಕಾಯಿತು. ಅಲ್ಲಿಯವರೆಗೆ ದಖ್ಖನಿಗೆ ಸೈನಿಕರು, ಅಧಿಕಾರಿಗಳು, ಬರೆಯುವವರು, ಮೌಲ್ವಿಗಳು ಬರುತ್ತಿದ್ದದ್ದು ಉತ್ತರದಿಂದ. ಆ ದಾರಿ ಮುಚ್ಚುತ್ತಾ ಬಂತು. 1398ರಲ್ಲಿ ತೈಮೂರ ದಿಲ್ಲಿಯನ್ನು ಸೂರೆ ಮಾಡಿದ ಮೇಲೆ ಅಲ್ಲಿ ಉಳಿದದ್ದೂ ಕಡಿಮೆ. ಮಾಳವ, ಗುಜರಾತು ಸ್ವತಂತ್ರವಾಗಿ ನಡುವೆ ಗೋಡೆ ಹಾಗೆ ನಿಂತವು. ದಿಲ್ಲಿಯ ಭಯ ಹೋಯಿತು ಅನ್ನುವುದು ಲಾಭ. ದಿಲ್ಲಿಯಿಂದ ಜನ ಬರುವುದೂ ನಿಂತಿತು ಅನ್ನುವುದು ನಷ್ಟ.

ಇನ್ನು ಕುದುರೆ. ನಮ್ಮ ಕಪ್ಪು ನೆಲದಲ್ಲಿ ಎತ್ತು ಚೆನ್ನಾಗಿ ಬೆಳೆಯುತ್ತದೆ, ಎಮ್ಮೆ ಬೆಳೆಯುತ್ತದೆ. ಯುದ್ಧದ ಕುದುರೆ ಬೆಳೆಯುವುದಿಲ್ಲ. ಆ ಕಾಲಕ್ಕೆ ಕುದುರೆ ದಂಡು ಇಲ್ಲದ ರಾಜ್ಯ ಉಳಿಯುವ ಮಾತೇ ಇರಲಿಲ್ಲ. ಒಳ್ಳೆಯ ಕುದುರೆ ಬರುತ್ತಿದ್ದದ್ದು ಅರೇಬಿಯಾ, ಪರ್ಶಿಯಾದ ಕಡೆಯಿಂದ. ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿಸಿ, ಗಾಳಿಯ ಹಂಗಾಮು ನೋಡಿ ಚೌಲ್, ದಾಬೋಳ ಅಥವಾ ಗೋವಾದಲ್ಲಿ ಇಳಿಸಬೇಕು. ಆಮೇಲೆ ಘಟ್ಟ ಹತ್ತಿಸಬೇಕು. ಸಾಯುವುವು ಸತ್ತು ಉಳಿದವಕ್ಕೆ ಕೇಳಿದಷ್ಟು ಬೆಲೆ. ವಿಜಯನಗರದವರೂ ಇದೇ ಕುದುರೆಗೆ ಕೈ ಚಾಚಿದ್ದರು. ಹಾಗಾಗಿ ಬಂದರು ಯಾರ ಕೈಯಲ್ಲಿದೆ ಅನ್ನುವುದು ಸುಂಕದ ಪ್ರಶ್ನೆ ಮಾತ್ರ ಆಗಿರಲಿಲ್ಲ. ನಮಗೆ ಬಂದ ಕುದುರೆ ಅವರಿಗೆ ಹೋಗಲಿಲ್ಲ ಅನ್ನುವುದೇ ಅರ್ಧ ಯುದ್ಧ ಗೆದ್ದಂತೆ.

ಇದನ್ನು ಹತ್ತಿರದಿಂದ ಕಂಡವನೊಬ್ಬ ಇದ್ದ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಹೊರ್ಮುಜ್‌ನಿಂದ ಒಂದೇ ಒಂದು ಕುದುರೆ ಹಡಗಿಗೆ ಹತ್ತಿಸಿಕೊಂಡು ಚೌಲ್‌ನಲ್ಲಿ ಇಳಿದ. ಲಾಭ ಮಾಡಿಕೊಳ್ಳುವ ಆಸೆ. ಜುನ್ನರಿನಲ್ಲಿ ಅಲ್ಲಿಯ ಖಾನ ಕುದುರೆಯನ್ನು ಕಿತ್ತುಕೊಂಡ. ಮುಸ್ಲಿಮನಾದರೆ ಕುದುರೆಯೂ ವಾಪಸ್, ಸಾವಿರ ಹೊನ್ನೂ ಕೊಡುತ್ತೇನೆ, ಇಲ್ಲದಿದ್ದರೆ ನೀನೇ ಸಾವಿರ ಹೊನ್ನು ಕಟ್ಟು ಅಂದ. ಕೊನೆಗೆ ಒಬ್ಬ ಖುರಾಸಾನಿ ಅಡ್ಡ ಬಂದು ಮಾತಾಡಿದ ಮೇಲೆ ಕುದುರೆ ಸಿಕ್ಕಿತು. ಅದನ್ನು ಅವನು ಮಾರಿದ್ದು ಬೀದರ್‌ನಲ್ಲಿ. ಇಲ್ಲಿ ಗಮನಿಸಬೇಕಾದದ್ದು ಬಿಡಿಸಿದವನು ಯಾರು ಅನ್ನುವುದು. ಊರ ಗೌಡನಲ್ಲ, ಸುಲ್ತಾನನೂ ಅಲ್ಲ, ಹೊರಗಿನಿಂದ ಬಂದ ಖುರಾಸಾನಿ. ಆ ಹೊತ್ತಿಗೆ ಮಾತು ನಡೆಯುತ್ತಿದ್ದದ್ದು ಅಂಥವರದೇ.

ನಿಕಿತಿನ್ ನಮ್ಮ ಆಳಂದದ ಬಗ್ಗೆಯೂ ಬರೆದಿದ್ದಾನೆ. ಶೇಖ್ ಅಲಾವುದ್ದೀನರ ದರ್ಗಾದ ಹತ್ತಿರ, ಅಂದರೆ ಇವತ್ತಿನ ಲಾಡ್ಲೆ ಮಶಾಯಖ್ ದರ್ಗಾ, ವರ್ಷಕ್ಕೊಮ್ಮೆ ಹತ್ತು ದಿನದ ಜಾತ್ರೆ. ಅಲ್ಲಿಗೆ ಮಾರಾಟಕ್ಕೆ 20,000 ಕುದುರೆ ಬರುತ್ತವೆ ಅನ್ನುತ್ತಾನೆ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು, ವ್ಯಾಪಾರಿಗಳ ಬಾಯಿ ಹಾಗೇ ಅಲ್ವಾ. ಆದರೂ ಆಳಂದದಂಥ ಊರಲ್ಲಿ ಅಂಥ ಕುದುರೆ ಸಂತೆ ನೆರೆಯುತ್ತಿತ್ತು ಅನ್ನುವುದೇ ಈ ರಾಜ್ಯದ ಹಸಿವು ಎಷ್ಟಿತ್ತು ಅಂತ ತಿಳಿಸುತ್ತದೆ. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಅಂತಲೂ ಅವನೇ ಬರೆಯುತ್ತಾನೆ. ಕುದುರೆಗೆ ಕಾಳು ತಿನ್ನಿಸುತ್ತಾರಂತೆ, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಖಿಚಡಿ ತಿನ್ನಿಸುತ್ತಾರಂತೆ. ಹಳ್ಳಿಯ ಜನ ತೀರಾ ಬಡವರು, ಸರದಾರರದು ಮಾತ್ರ ಮಿತಿಯಿಲ್ಲದ ಸಿರಿ ಅನ್ನುವುದೂ ಅದೇ ಬರವಣಿಗೆಯಲ್ಲಿದೆ. ಎರಡನ್ನೂ ಒಟ್ಟಿಗೆ ಓದಿದರೆ ಕುದುರೆಯ ಖಿಚಡಿಗೆ ದುಡ್ಡು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಸರಿ, ತಿರುವು ಯಾವಾಗ ಆಯಿತು? ಒಂದೇ ದಿನ ಅಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದ್ದು 1367ರಲ್ಲಿ. ಅದರ ಶಾಸನದಲ್ಲಿರುವ ಹೆಸರು ರಫಿ, ಇರಾನಿನ ಕಜ್ವೀನ್ ಊರಿನವನು. ಎರಡನೇ ಮಹಮ್ಮದ್ ಷಾ ಶಿರಾಜಿನ ಕವಿ ಹಾಫಿಜನಿಗೆ ದಾರಿ ಖರ್ಚು ಕಳಿಸಿ ಕರೆದನಂತೆ. ಹಾಫಿಜ್ ಹೊರ್ಮುಜ್‌ವರೆಗೆ ಬಂದು ಹಡಗು ಹತ್ತಿದ, ಬಿರುಗಾಳಿ ಎದ್ದದ್ದು ನೋಡಿ ಇಳಿದು ಮನೆಗೆ ಹೋದ. ಇದನ್ನು ಹೇಳಿದವನು ಇತಿಹಾಸಕಾರ ಫರಿಶ್ತಾ. ಅವನು ಬಿಜಾಪುರದ ದರ್ಬಾರಿನಲ್ಲಿ ಕೂತು, ಘಟನೆ ನಡೆದು ಇನ್ನೂರು ವರ್ಷದ ಮೇಲೆ ಬರೆದವನು. ಕಥೆ ಚೆನ್ನಾಗಿದ್ದರೆ ಬಿಡುವವನಲ್ಲ. ಹಾಗಾಗಿ ಅವನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ತೆಗೆದುಕೊಳ್ಳಬೇಕು.

ಫಿರೋಜ್ ಷಾ (1397–1422) ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದ. ಗೋವಾ, ಚೌಲ್ ಬಂದರುಗಳಿಂದ ಪ್ರತಿ ವರ್ಷ ಹಡಗು ಕಳಿಸಿ ಸಾಮಾನು ಮಾತ್ರವಲ್ಲ, ಜನರನ್ನೂ ತರಿಸುತ್ತಿದ್ದ ಅನ್ನುತ್ತಾನೆ ಫರಿಶ್ತಾ. ಅವನು ಭೀಮಾ ದಂಡೆಯ ಮೇಲೆ ಕಟ್ಟಿಸಿದ ಫಿರೋಜಾಬಾದ್ ಇವತ್ತು ಹಾಳು ಗೋಡೆಗಳ ನಡುವೆ ಇದೆ. ಇವನದೊಂದು ರಾಜತಾಂತ್ರಿಕ ಎಡವಟ್ಟು ಕೂಡ ಫರಿಶ್ತಾ ಹೇಳುತ್ತಾನೆ. ತೈಮೂರನ ಹತ್ತಿರ ಉಡುಗೊರೆ ಜೊತೆ ರಾಯಭಾರಿಗಳನ್ನು ಕಳಿಸಿದ. ಖುಷಿಯಾದ ತೈಮೂರ ಮಾಳವ, ಗುಜರಾತು ನಿನ್ನವು ಅಂತ ಫರ್ಮಾನು ಬರೆದುಕೊಟ್ಟ. ತನ್ನದಲ್ಲದ ನೆಲ ಕೊಡುವುದಕ್ಕೆ ತೈಮೂರನಿಗೇನು ಕಷ್ಟ? ಸುದ್ದಿ ತಿಳಿದ ಮಾಳವ, ಗುಜರಾತಿನ ಸುಲ್ತಾನರು ಗುಟ್ಟಾಗಿ ವಿಜಯನಗರದ ರಾಯನಿಗೆ ಹೇಳಿ ಕಳಿಸಿದರು: ನಾವು ನಿಮ್ಮ ಜೊತೆ ಇದ್ದೇವೆ. ದೂರದ ದೊಡ್ಡವನ ಸ್ನೇಹ ಮಾಡಲು ಹೋಗಿ ಪಕ್ಕದ ಇಬ್ಬರ ಹಗೆ ಕಟ್ಟಿಕೊಂಡದ್ದು ಇದು. ಫರ್ಮಾನಿನಿಂದ ಒಂದು ಹಳ್ಳಿಯೂ ಸಿಗಲಿಲ್ಲ.

ನಿಜವಾದ ತಿರುವು ಅವನ ತಮ್ಮ ಅಹ್ಮದ್ ಷಾನದು (1422–36). ಇವನು ಗದ್ದುಗೆಗೆ ಬಂದದ್ದೇ ಒಬ್ಬ ಕುದುರೆ ವ್ಯಾಪಾರಿಯ ಸಹಾಯದಿಂದ. ಬಸ್ರಾದಿಂದ ಬಂದ ಖಲಫ್ ಹಸನ್. ಅಣ್ಣನ ಸೈನ್ಯ ಬೆನ್ನಟ್ಟಿ ಬಂದಾಗ ಈ ಹಸನ್ ಬಂಜಾರರ ಎತ್ತುಗಳ ಮೇಲೆ ಬಾವುಟ ಕಟ್ಟಿ ದೂರದಲ್ಲಿ ನಿಲ್ಲಿಸಿ, ದೊಡ್ಡ ದಂಡು ಬಂದಿದೆ ಅಂತ ಎದುರಿನವರನ್ನು ಹೆದರಿಸಿದ ಎಂಬ ಕಥೆ ಇದೆ. ಕುದುರೆ ಮಾರುವವನು ಎತ್ತು ತೋರಿಸಿ ರಾಜ್ಯ ಗೆದ್ದುಕೊಟ್ಟ! ಅಹ್ಮದ್ ಅವನಿಗೆ ಮಲಿಕ್‌ ಉತ್ ತುಜ್ಜಾರ್, ಅಂದರೆ ವರ್ತಕರ ದೊರೆ, ಎಂಬ ಬಿರುದು ಕೊಟ್ಟು ಆಡಳಿತವನ್ನೇ ಕೈಗಿಟ್ಟ.

ಅಹ್ಮದ್ ಮಾಡಿದ ಎರಡನೇ ಕೆಲಸ ರಾಜಧಾನಿಯನ್ನು ಬೀದರ್‌ಗೆ ಎತ್ತಿದ್ದು. ಕಾರಣ ಹಲವು. ಎತ್ತರದ ನೆಲ, ಒಳ್ಳೆ ಹವಾ. ಕನ್ನಡ, ಮರಾಠಿ, ತೆಲುಗು ಮೂರೂ ಸೀಮೆ ಕೂಡುವ ಜಾಗ. ವಿಜಯನಗರದಿಂದ ಇನ್ನಷ್ಟು ದೂರ. ಆದರೆ ಕಲಬುರಗಿಯ ಹಳೆ ಸರದಾರರ ಗುಂಪಿನಿಂದ ದೂರ ಅನ್ನುವುದೂ ಅಷ್ಟೇ ಮುಖ್ಯ ಅಂತ ನನಗನಿಸುತ್ತದೆ.

ಮೂರನೇ ಕೆಲಸದಲ್ಲಿ ಇಡೀ ನೀತಿ ಬಿಚ್ಚಿ ಕಾಣುತ್ತದೆ. ಕಲಬುರಗಿಯ ಖಾಜಾ ಬಂದೇ ನವಾಜರು ದಿಲ್ಲಿಯ ಚಿಶ್ತಿ ಸೂಫಿ ಪರಂಪರೆಯವರು. ದಿಲ್ಲಿಗೆ ತೈಮೂರನ ಕಂಟಕ ಬಂದಾಗ ಅಲ್ಲಿಂದ ಹೊರಟು ದಕ್ಷಿಣಕ್ಕೆ ಬಂದವರು. ಅಹ್ಮದ್ ಅವರ ಭಕ್ತನೇ. ಅವರು ತೀರಿಕೊಂಡದ್ದು 1422ರಲ್ಲಿ, ಅಹ್ಮದ್ ಪಟ್ಟಕ್ಕೆ ಬಂದ ವರ್ಷವೇ. ಆಮೇಲೆ ಅವನು ಹೊಸ ಗುರುವಿಗಾಗಿ ದಿಲ್ಲಿ ಕಡೆ ನೋಡಲಿಲ್ಲ. ಇರಾನಿನ ಕಿರ್ಮಾನಿಗೆ, ಷಾ ನಿಯಾಮತುಲ್ಲಾ ಎಂಬ ಸಂತನ ಹತ್ತಿರ ಜನ ಕಳಿಸಿದ. ಸಂತ ಬರಲಿಲ್ಲ, ಹನ್ನೆರಡು ಮಡಿಕೆಯ ಹಸಿರು ಟೊಪ್ಪಿಗೆ ಕಳಿಸಿದ. ಆಮೇಲೆ ಮೊಮ್ಮಗ ನೂರುಲ್ಲಾ ಬಂದ. ಸುಲ್ತಾನ ತನ್ನ ಮಗಳನ್ನೇ ಅವನಿಗೆ ಕೊಟ್ಟ. ದರ್ಬಾರಿನಲ್ಲಿ ಅವನಿಗೆ ಬಂದೇ ನವಾಜರ ಮನೆಯವರಿಗಿಂತ ಮೇಲಿನ ಜಾಗ ಸಿಕ್ಕಿತು. 1431ರಲ್ಲಿ ಸಂತ ತೀರಿಕೊಂಡ ಮೇಲೆ ಮಗ ಖಲೀಲುಲ್ಲಾನೂ ಬೀದರ್‌ಗೆ ಬಂದ. ಬೀದರ್ ಪಕ್ಕದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಸಿಗುವ ಚೌಖಂಡಿ ಅವನದೇ ಸಮಾಧಿ. ದಿಲ್ಲಿಯ ಗುರುಪರಂಪರೆ ಹಿಂದಕ್ಕೆ, ಇರಾನಿನದು ಮುಂದಕ್ಕೆ. ರಾಯಭಾರಿಯ ಪತ್ರಗಳಿಗಿಂತ ಸ್ಪಷ್ಟವಾದ ಹೇಳಿಕೆ ಇದು.

ಇಲ್ಲೊಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಇಷ್ಟೆಲ್ಲ ಇರಾನಿನ ಕಡೆ ವಾಲಿದ ಈ ಅಹ್ಮದ್ ಷಾನನ್ನು ನಮ್ಮ ಜನ ಬಿಟ್ಟುಕೊಡಲಿಲ್ಲ. ಅಷ್ಟೂರಿನ ಅವನ ಗೋರಿಯ ಒಳಗೆಲ್ಲ ಪರ್ಶಿಯನ್ ಸಾಲುಗಳು, ಬಂಗಾರದ ಬಣ್ಣದ ಚಿತ್ತಾರ. ಹೊರಗೆ ಜಾತ್ರೆಗೆ ಬರುವ ಹಲವರ ಪಾಲಿಗೆ ಅವನು ಅಲ್ಲಮಪ್ರಭು. ಲಿಂಗಾಯತ ಜಂಗಮರು ಶಂಖ ಊದುತ್ತಾರೆ, ಭಕ್ತರು ಕಾಯಿ ಒಡೆಯುತ್ತಾರೆ. ದರ್ಬಾರಿನ ನೀತಿ ಒಂದು ದಿಕ್ಕಿಗೆ ಹೋದರೆ ಊರಿನ ನಂಬಿಕೆ ತನ್ನದೇ ದಾರಿ ಹಿಡಿದಿತ್ತು.

ಪಶ್ಚಿಮದಿಂದ ಬಂದದ್ದು ಕುದುರೆ, ಸಂತರು ಮಾತ್ರ ಅಲ್ಲ. ನೌಬಾದಿನ ಸುರಂಗ ಬಾವಿ ನೋಡಿ. ನೆಲದಡಿಯಲ್ಲಿ ಕಾಲುವೆ ಕೊರೆದು, ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ತೂತು ಬಿಟ್ಟು, ನೀರು ತಾನಾಗಿ ಇಳಿಜಾರಿಗೆ ಹರಿಯುವ ಹಾಗೆ ಮಾಡಿದ್ದಾರೆ. ಇರಾನಿನ ಒಣ ನಾಡಿನ ವಿದ್ಯೆ, ಬೀದರ್‌ನ ಕೆಂಪು ಜಂಬಿಟ್ಟಿಗೆಯಲ್ಲಿ. ಬಿದರಿ ಕಲೆಯ ಮೂಲವನ್ನೂ ಇದೇ ಕಾಲದ ಇರಾನಿ ಕುಶಲಿಗರಿಗೆ ಹೇಳುವುದು ವಾಡಿಕೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುವ ಕೆಲಸ. ವಿದ್ಯೆ ಹೊರಗಿನದು ಇರಬಹುದು, ಮಣ್ಣು ಮಾತ್ರ ಇಲ್ಲಿಯದೇ ಆಗಬೇಕು ಅಂತ ಕುಶಲಕರ್ಮಿಗಳು ಇವತ್ತಿಗೂ ಹೇಳುತ್ತಾರೆ.

ಈಗ ಗವಾನ್ ವಿಷಯಕ್ಕೆ ಬರೋಣ. ಇರಾನಿನ ಗೀಲಾನ್ ಪ್ರಾಂತದವನು. 1453ರ ಸುಮಾರಿಗೆ ದಾಬೋಳದಲ್ಲಿ ಇಳಿದಾಗ ವಯಸ್ಸು ನಲವತ್ತು ದಾಟಿತ್ತು. ವ್ಯಾಪಾರಕ್ಕೆ ಬಂದವನು ಬೀದರ್‌ನಲ್ಲೇ ಉಳಿದ. ಅವನಿಗೂ ಮಲಿಕ್ ಉತ್ ತುಜ್ಜಾರ್ ಬಿರುದು ಬಂತು, ಮೂರನೇ ಮಹಮ್ಮದ್ ಷಾ (1463–82) ಕಾಲಕ್ಕೆ ರಾಜ್ಯದ ಚುಕ್ಕಾಣಿಯೇ ಕೈಗೆ ಬಂತು. ಸುಲ್ತಾನ ಇಪ್ಪತ್ತರ ಹುಡುಗ, ಆಳುವವರೆಲ್ಲ ಖುರಾಸಾನಿಗಳು ಅಂತ ನಿಕಿತಿನ್ ಬರೆಯುವುದು ಇದೇ ಹೊತ್ತಿನ ಬೀದರ್ ಬಗ್ಗೆ.

ಹಿಂದಿನವರು ಪಶ್ಚಿಮದಿಂದ ಬಂದದ್ದನ್ನು ಬರಮಾಡಿಕೊಂಡರು. ಗವಾನ್ ದಾರಿಯನ್ನೇ ಹಿಡಿಯಲು ಹೊರಟ. ವ್ಯಾಪಾರಿ ಆದ್ದರಿಂದ ಸರಕು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಅವನಿಗೆ ಗೊತ್ತಿತ್ತು. ಕೊಂಕಣದ ಸಂಗಮೇಶ್ವರ, ಖೇಳಣಾದ ನಾಯಕರು ಹಡಗುಗಳನ್ನು ದೋಚುತ್ತಿದ್ದರು. ಖೇಳಣಾ ಅಂದರೆ ಇವತ್ತಿನ ವಿಶಾಲಗಡ. ಮಳೆ, ಕಾಡು, ಕಣಿವೆಯ ನಾಡು. ಖಲಫ್ ಹಸನ್ ಸತ್ತದ್ದೂ ಅಲ್ಲೇ. ಗವಾನ್ 1469ರಿಂದ ಮೂರು ವರ್ಷ ಹಿಡಿದು ಒಂದೊಂದೇ ಕೋಟೆ ಗೆದ್ದ, ಕೆಲವನ್ನು ದುಡ್ಡು ಕೊಟ್ಟು ಒಲಿಸಿದ. 1472ರಲ್ಲಿ ನೆಲದಿಂದಲೂ ನೀರಿನಿಂದಲೂ ಹೋಗಿ ವಿಜಯನಗರದ ಕೈಯಲ್ಲಿದ್ದ ಗೋವಾ ಹಿಡಿದ. ಅದನ್ನು ಬಿಡಿಸಿಕೊಳ್ಳಲು ಮುಂದೆ ಬಂದ ಬೆಳಗಾವಿಯ ನಾಯಕ ತನ್ನ ಕೋಟೆಯನ್ನೇ ಕಳೆದುಕೊಂಡ. ಒಂದೇ ಏಟಿಗೆ ಎರಡು ಕೆಲಸ: ತಮ್ಮ ಕುದುರೆಯ ಬಾಗಿಲು ತೆರೆಯಿತು, ವಿಜಯನಗರದ ದೊಡ್ಡ ಬಾಗಿಲು ಮುಚ್ಚಿತು. ಮದರಸಾ ಮುಗಿದದ್ದೂ ಆಗಲೇ. ಗೋವಾವನ್ನೂ ಮದರಸಾವನ್ನೂ ಒಂದೇ ನೀತಿಯ ಎರಡು ಕೆಲಸವಾಗಿ ನೋಡಬೇಕು. ಒಂದರಿಂದ ಕುದುರೆ ಬರಬೇಕು, ಇನ್ನೊಂದಕ್ಕೆ ಪಂಡಿತರು ಬರಬೇಕು. ಅಲ್ಲಿ 3,000 ಹಸ್ತಪ್ರತಿಗಳಿದ್ದವು ಅನ್ನುತ್ತಾರೆ.

ಗವಾನ್ ಬರೆದ ಪತ್ರಗಳು ಉಳಿದುಬಂದಿವೆ. ಗೀಲಾನಿನ ದೊರೆಗೆ, ಹೆರಾತಿನ ಕವಿ ಜಾಮಿಗೆ, ಕಾನ್‌ಸ್ಟಾಂಟಿನೋಪಲ್ ಗೆದ್ದ ಒಟ್ಟೊಮನ್ ಸುಲ್ತಾನ ಎರಡನೇ ಮೆಹ್ಮದ್‌ಗೆ ಬರೆದವು ಅವುಗಳಲ್ಲಿವೆ. ಅವನ ವ್ಯಾಪಾರದ ಗುಮಾಸ್ತರು ತುರ್ಕಿಯ ಬುರ್ಸಾ ಪೇಟೆಯವರೆಗೆ ಹಿಂದುಸ್ತಾನದ ಬಟ್ಟೆ ಒಯ್ದಿದ್ದರು. ಬೀದರ್ ಕೋಟೆಯ ಮೇಲೆ ನಿಂತರೆ ಕಾಣುವುದು ತೊಗರಿ ಹೊಲ ಅಷ್ಟೇ. ಅಲ್ಲಿಂದ ಇಸ್ತಾಂಬುಲ್‌ವರೆಗೆ ಒಂದು ಸರಪಳಿ ಇತ್ತು ಅಂದರೆ ಈಗ ನಂಬುವುದು ಸ್ವಲ್ಪ ಕಷ್ಟ.

ಇಷ್ಟು ಚೆನ್ನಾಗಿ ನಡೆದ ನೀತಿ ಮುರಿದದ್ದು ಎಲ್ಲಿ? ಹೊರಗಲ್ಲ, ಒಳಗೆ.

ಹೊರಗಿನಿಂದ ಜನ ಕರೆಸಿದ ಮೇಲೆ ಅವರಿಗೆ ಜಾಗೀರು ಕೊಡಬೇಕು, ಪದವಿ ಕೊಡಬೇಕು. ಅದು ಮೊದಲಿದ್ದ ಒಬ್ಬರ ಪಾಲಿನಿಂದಲೇ ಬರಬೇಕು. ದರ್ಬಾರಿನಲ್ಲಿ ಎರಡು ಬಣ ಹುಟ್ಟಿತು. ದಖ್ಖನಿಗಳು ಅಂದರೆ ಹಿಂದೆ ಉತ್ತರದಿಂದ ಬಂದು ಇಲ್ಲೇ ನೆಲೆಸಿದವರು, ಇಲ್ಲಿಯೇ ಮತಾಂತರವಾದವರು. ಆಫ್ರಿಕಾ ಮೂಲದ ಹಬಶಿಗಳು ಹೆಚ್ಚಾಗಿ ಅವರ ಕಡೆ. ಆಫಾಕಿಗಳು ಅಂದರೆ ಹೊಸದಾಗಿ ಹಡಗಿಳಿದ ಇರಾನಿಗಳು, ತುರ್ಕರು, ಅರಬರು. ಭಾಷೆ ಬೇರೆ, ಹಲವರ ಪಂಥವೂ ಬೇರೆ: ಆಫಾಕಿಗಳಲ್ಲಿ ಷಿಯಾಗಳು ಜಾಸ್ತಿ, ದಖ್ಖನಿಗಳಲ್ಲಿ ಸುನ್ನಿಗಳು. ಇದನ್ನು ಬರೀ ಮತದ ಜಗಳ ಅಂತ ಓದುವವರಿದ್ದಾರೆ. ನನ್ನ ಪ್ರಕಾರ ಮತ ಮೇಲಿನ ಬಣ್ಣ, ಒಳಗಿದ್ದದ್ದು ಪಾಲಿನ ಜಗಳ.

ರಕ್ತವೂ ಹರಿಯಿತು. ಎರಡನೇ ಅಲಾವುದ್ದೀನ್ ಅಹ್ಮದ್ (1436–58) ಕಾಲದಲ್ಲಿ ಕೊಂಕಣದಲ್ಲಿ ಸೋತು ಓಡಿ ಬಂದ ಆಫಾಕಿ ಸೈನಿಕರು ಪುಣೆ ಹತ್ತಿರದ ಚಾಕಣ ಕೋಟೆ ಸೇರಿದರು. ಇವರು ತಿರುಗಿ ಬಿದ್ದಿದ್ದಾರೆ ಅಂತ ದಖ್ಖನಿ ಸರದಾರರು ಬೀದರ್‌ಗೆ ಬರೆದರು. ಅಪ್ಪಣೆ ಸಿಕ್ಕಿತು. ಊಟಕ್ಕೆ ಕರೆದು ಕೊಂದರು. ನಿಜ ತಿಳಿದ ಸುಲ್ತಾನ ಆಮೇಲೆ ದಖ್ಖನಿಗಳ ಮೇಲೆ ತಿರುಗಿದ. ಅಲ್ಲಿಂದ ಎರಡೂ ಬಣಕ್ಕೆ ಸೇಡು ತೀರಿಸುವುದೇ ಕೆಲಸವಾಯಿತು.

ಗವಾನ್‌ಗೆ ಈ ರೋಗ ಗೊತ್ತಿತ್ತು. ಪದವಿಗಳನ್ನು ಎರಡೂ ಕಡೆಯವರಿಗೆ ಹಂಚಿದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಒಬ್ಬೊಬ್ಬ ಸರದಾರನ ಕೈ ಚಿಕ್ಕದು ಮಾಡಿದ. ಕಾಗದದ ಮೇಲೆ ಒಳ್ಳೆ ಉಪಾಯ. ಆದರೆ ಕೈ ಚಿಕ್ಕದಾದವರು ಎರಡೂ ಬಣದಲ್ಲಿದ್ದರು, ಮತ್ತು ಕತ್ತರಿಸಿದವನು ಒಬ್ಬ ಪರದೇಶಿ. ಅವನ ಕಾರಕೂನನಿಗೆ ಲಂಚ ಕೊಟ್ಟು ಖಾಲಿ ಕಾಗದದ ಮೇಲೆ ಮುದ್ರೆ ಹಾಕಿಸಿಕೊಂಡರು. ಅದರಲ್ಲಿ ಒಡಿಶಾದ ಗಜಪತಿಗೆ, ದಂಡೆತ್ತಿ ಬಾ ಅಂತ ಗವಾನ್ ಬರೆದ ಹಾಗೆ ಪತ್ರ ಹುಟ್ಟಿಸಿದರು. ಕುಡಿದಿದ್ದ ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲ್ 5ರಂದು ಗವಾನ್‌ನ ತಲೆ ಹೋಯಿತು. ಅವನ ಗೋರಿ ಬೀದರ್ ಪಕ್ಕದ ಗೋರ್ನಳ್ಳಿಯಲ್ಲಿದೆ. ಮದರಸಾ ನೋಡಲು ಬಂದವರಲ್ಲಿ ಅಲ್ಲಿಗೆ ಹೋಗುವವರು ತೀರಾ ಕಡಿಮೆ.

ಮೂರನೇ ಮಹಮ್ಮದ್ ಮರುವರ್ಷವೇ ಸತ್ತ. ಆಮೇಲಿನದು ಬೇಗ ಮುಗಿಯುವ ಕಥೆ. 1490ರ ಹೊತ್ತಿಗೆ ಬಿಜಾಪುರ, ಅಹ್ಮದ್‌ನಗರ, ಬೇರಾರ್ ತಮ್ಮ ಪಾಡಿಗೆ ತಾವು ನಿಂತವು, ಮುಂದೆ ಗೋಲ್ಕೊಂಡವೂ ಹೋಯಿತು. ಬಿಜಾಪುರದ ಯೂಸುಫ್ ಆದಿಲ್ ಖಾನ್ ಗವಾನ್‌ನ ಗರಡಿಯಲ್ಲಿ ಬೆಳೆದವನು, ಸಮುದ್ರದ ಬೆಲೆ ಗೊತ್ತಿದ್ದವನು. ಗೋವಾ ಅವನ ಪಾಲಿಗೆ ಬಂತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಕಿತ್ತುಕೊಂಡ. ಅಲ್ಲಿಂದ ಅರಬ್ಬಿ ಕುದುರೆ ಬೇಕಾದವರು, ಬಿಜಾಪುರದವರೇ ಆಗಲಿ ವಿಜಯನಗರದವರೇ ಆಗಲಿ, ಪೋರ್ಚುಗೀಸರ ಜೊತೆ ಚೌಕಾಸಿ ಮಾಡಬೇಕಾಯಿತು. ಬೀದರ್‌ನಲ್ಲಿ ಉಳಿದದ್ದು ಬರೀದರ ಮನೆತನ, ಸುತ್ತ ಒಂದಿಷ್ಟು ನೆಲ. ಒಂದು ಬಂದರೂ ಅವರ ಕೈಯಲ್ಲಿರಲಿಲ್ಲ.